ಬಾದಾಮಿ ಇಟ್ಟವರು ಯಾರು?

ಮಗುವಿಗೆ ಕಹಿ ಔಷಧ ಕುಡಿಸುವಾಗ ‘ಸಿಹಿ ಇದೆ, ಕುಡಿ ಕಂದ’ ಎನ್ನದ ತಾಯಿ ಯಾರಿದ್ದಾರೆ? ಚುಚ್ಚುಮದ್ದಿಗೆ ಕರೆದೊಯ್ಯುವಾಗ ‘ಪೇಟೆಗೆ ಹೋಗಿ ಬರೋಣ’ ಎಂದೇ ಹೊರಡಿಸುತ್ತೇವೆ. ಪಾಲಕ್ ಸೊಪ್ಪನ್ನು ನುಣ್ಣಗೆ ರುಬ್ಬಿ ಹಿಟ್ಟಿಗೆ ಕಲಸಿ ‘ಇದು ಗಿಳಿ ಚಪಾತಿ’ ಎಂದು ನನ್ನ ಮಗನಿಗೆ ಎರಡು ವರ್ಷ ತಿನ್ನಿಸಿದವಳು ನಾನು. ಇವೆಲ್ಲ ಸುಳ್ಳೆಂದು ನಮಗೆ ಅನ್ನಿಸುವುದೇ ಇಲ್ಲ. ಸುಳ್ಳೆಂದರೆ ಕೋರ್ಟಿನಲ್ಲಿ ಹೇಳುವುದು, ವ್ಯಾಪಾರದಲ್ಲಿ ಹೇಳುವುದು. ಅಡಿಗೆಮನೆಯಲ್ಲಿ ಹೇಳುವುದಕ್ಕೆ ನಾವು ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೇವೆ. ನಾನೂ ಹಾಗೆಯೇ ತಿಳಿದಿದ್ದೆ. 1996ರ ಗಣೇಶ ಚೌತಿಯ ದಿನ ಆರು ವರ್ಷದ ಹುಡುಗಿಯೊಬ್ಬಳು ನನ್ನ ಅಡಿಗೆಮನೆಯಲ್ಲಿ ನಿಂತು ಒಂದು ಪ್ರಶ್ನೆ ಕೇಳುವವರೆಗೆ.

ಆಗ ನಾವು ಮುಂಬಯಿ ಪಕ್ಕದ ಠಾಣೆಯಲ್ಲಿದ್ದೆವು. ನಮ್ಮವರ ನೌಕರಿ ಅಲ್ಲಿತ್ತು. ಧಾರವಾಡದಿಂದ ಹೋದ ಹೊಸದರಲ್ಲಿ ನನಗೆ ಬರುತ್ತಿದ್ದ ಮರಾಠಿ ತರಕಾರಿ ಕೊಳ್ಳುವಷ್ಟು ಮಾತ್ರ. ಉಳಿದದ್ದನ್ನು ಕಲಿಸಿದವರು ಎದುರುಮನೆಯ ಆಯಿ. ಕೊಂಕಣದ ಹಳ್ಳಿಯವರು, ಒಂಬತ್ತು ಗಜದ ಸೀರೆ, ಕೊರಳಲ್ಲಿ ಕರಿಮಣಿ. ಮೊದಲ ಒಂದು ತಿಂಗಳು ಅವರು ಯಾವ ಜಾತಿಯವರೆಂದು ನನಗೆ ತಿಳಿಯಲೇ ಇಲ್ಲ. ಬಾಗಿಲ ಚೌಕಟ್ಟಿನ ಮೇಲೆ ಓರೆಯಾಗಿ ಹೊಡೆದ ಒಂದು ಸಣ್ಣ ಕೊಳವೆಯಂಥ ಡಬ್ಬಿ ಇತ್ತು. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಶನಿವಾರ ಅವರ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಕೊನೆಗೆ ನಾನೇ ಕೇಳಿದೆ. ‘ನಾವು ಯಹೂದಿಗಳಮ್ಮ, ಬೆನೆ ಇಸ್ರೇಲ್’ ಎಂದರು. ಹಡಗೊಡೆದು ಅಲಿಬಾಗ್ ಸಮೀಪದ ನವಗಾಂವ್ ದಂಡೆಗೆ ಬಂದು ಬಿದ್ದ ಏಳು ಜೋಡಿಗಳ ಸಂತತಿ ತಾವು ಎಂಬುದು ಅವರಲ್ಲಿ ತಲೆಮಾರಿನಿಂದ ಬಂದ ಕಥೆ. ಕೊಂಕಣದ ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಠಾಣೆಯಲ್ಲಿ ಅವರ ಪ್ರಾರ್ಥನಾ ಮಂದಿರ 1879ರಷ್ಟು ಹಿಂದಿನದು. ಇಷ್ಟು ಕಾಲ ನಮ್ಮ ನಡುವೆಯೇ ಇದ್ದವರ ಬಗ್ಗೆ ನನಗೆ ಗೊತ್ತಿದ್ದುದು ಸೊನ್ನೆ.

ಅವರ ಅಡಿಗೆಯಾದರೋ ನಮಗೆ ಪರಕೀಯವೆನ್ನಿಸುವಂಥದ್ದಲ್ಲ. ಪುರೀಮ್ ಎಂಬ ಹಬ್ಬಕ್ಕೆ ಹೋಳಿಗೆ, ಕರ್ಜಿಕಾಯಿ. ಹರಕೆ ತೀರಿಸುವಾಗ ಮಲಿದಾ, ಅಂದರೆ ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಿಹಿ, ಏಲಕ್ಕಿ, ಮೇಲೆ ಹಣ್ಣು, ಗುಲಾಬಿ ಎಸಳು. ಮಾಂಸದ ಊಟದೊಂದಿಗೆ ಹಾಲು ಬೆಣ್ಣೆ ತುಪ್ಪ ಕೂಡದೆಂಬುದು ಅವರ ಕಟ್ಟಳೆ. ಹಬ್ಬದೂಟದಲ್ಲಿ ಮಾಂಸವಿರುತ್ತದೆ, ಹಾಗಾಗಿ ಸಿಹಿಗೆಲ್ಲ ತೆಂಗಿನ ಹಾಲು. ಅವರ ಹೊಸ ವರ್ಷ ರೋಶ್ ಹಶಾನಾ ಅಮಾವಾಸ್ಯೆಯ ಬೆನ್ನಿಗೆ ಬರುತ್ತದೆ. ಕೆಲವು ವರ್ಷ ನಮ್ಮ ಚೌತಿಯ ಹತ್ತಿರ, ಕೆಲವು ವರ್ಷ ನವರಾತ್ರಿಯ ಆರಂಭಕ್ಕೆ. ಆ ದಿನ ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ, ವರ್ಷವಿಡೀ ಸಿಹಿಯಾಗಿರಲಿ ಎಂದು. ಯುಗಾದಿಗೆ ಬೇವನ್ನೂ ಸೇರಿಸುವ ನಮಗೆ ಇದು ತುಸು ಆಸೆಬುರುಕತನವೆಂದು ಕಂಡೀತು. ಆದರೆ ಅವರೂ ಕಹಿಯನ್ನು ಬಿಟ್ಟವರಲ್ಲ, ಅದನ್ನು ವಸಂತದ ಪಾಸ್ಖ ಹಬ್ಬಕ್ಕೆ ಇಟ್ಟುಕೊಂಡಿದ್ದಾರೆ. ಆಗ ದಾಸ್ಯದ ನೆನಪಿಗೆ ಕಹಿಸೊಪ್ಪು ತಿನ್ನುತ್ತಾರೆ.

ಹೊಸ ವರ್ಷಕ್ಕೆ ಬೆನೆ ಇಸ್ರೇಲಿಗಳ ಮನೆಯಲ್ಲಿ ಆಗಲೇಬೇಕಾದದ್ದು ಹಲ್ವಾ. ಪೇಟೆಯ ಹಲ್ವಾ ಅಲ್ಲ. ಗೋಧಿಯನ್ನು ದಿನಗಟ್ಟಲೆ ನೀರು ಬದಲಿಸುತ್ತ ನೆನೆಸಿ, ರುಬ್ಬಿ, ಹಿಂಡಿ, ಹಾಲು ತೆಗೆದು, ಕೆಳಗೆ ಕೂತ ಗಟ್ಟಿಯನ್ನು ತೆಂಗಿನ ಹಾಲು ಸಕ್ಕರೆಯೊಂದಿಗೆ ತಾಸುಗಟ್ಟಲೆ ಕೈಬಿಡದೆ ತಿರುವಬೇಕು. ನಮ್ಮ ಹಾಲುಬಾಯಿಯ ಒಡಹುಟ್ಟಿದ ತಂಗಿ ಎನ್ನಿ. ಆಯಿಯ ಲೆಕ್ಕದಲ್ಲಿ ಗೋಧಿಗಿಂತ ಸಕ್ಕರೆಯದೇ ಹೆಚ್ಚು ತೂಕ. ಪರಾತದಲ್ಲಿ ಹರಡಿದ ಮೇಲೆ ಬಿಸಿಯಾಗಿರುವಾಗಲೇ ಸೀಳಿದ ಬಾದಾಮಿಯನ್ನು ಒಂದೊಂದು ತುಂಡಿಗೆ ಒಂದೊಂದರಂತೆ ಒತ್ತಿ ಕೂರಿಸಬೇಕು. ಆ ಕೆಲಸ ಮೊಮ್ಮಗಳು ಚಿಮಣಿಯದು. ಚಿಮಣಿ ಎಂದರೆ ಮರಾಠಿಯಲ್ಲಿ ಗುಬ್ಬಿ. ಎಲ್ಲರೂ ಕರೆಯುತ್ತಿದ್ದ ಆ ಹೆಸರೇ ಇಲ್ಲಿ ಸಾಕು. ನಾಲ್ಕು ವರ್ಷಕ್ಕೆ ಶುರು ಮಾಡಿದವಳು ಐದನೆಯ ವರ್ಷಕ್ಕೆ ಅದರಲ್ಲಿ ಪಂಡಿತೆಯಾಗಿದ್ದಳು. ಬಾದಾಮಿಯ ಚೂಪು ತುದಿ ಎಲ್ಲವೂ ಒಂದೇ ಕಡೆಗೆ ನೋಡಬೇಕು. ನನ್ನ ಮಗ ಒಂದನ್ನು ತಿರುಗಾಮುರುಗಾ ಇಟ್ಟರೆ ಅವಳು ಕಿತ್ತು ಮತ್ತೆ ಇಡುವಳು.

1996ರ ಬೇಸಿಗೆಯಲ್ಲಿ ಚಿಮಣಿ ಸೊರಗಿದಳು. ಸದಾ ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಏಳುವುದು. ಜಂತುಹುಳ ಇರಬೇಕೆಂದು ನಾವೆಲ್ಲ ಅಂದುಕೊಂಡೆವು. ಒಂದು ದಿನ ಮಂಪರು ಹತ್ತಿ ಆಸ್ಪತ್ರೆಗೆ ಒಯ್ದಾಗ ಗೊತ್ತಾಯಿತು, ಸಕ್ಕರೆ ಕಾಯಿಲೆ. ಮುದುಕರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವ ಬಗೆಯದು. ಶರೀರವೇ ತನ್ನ ಇನ್ಸುಲಿನ್ ಮಾಡುವ ಕಣಗಳನ್ನು ನಾಶ ಮಾಡಿಕೊಳ್ಳುವಂಥದ್ದು. ಸಿಹಿ ತಿಂದದ್ದಕ್ಕೂ ಅದು ಬಂದದ್ದಕ್ಕೂ ಸಂಬಂಧವಿಲ್ಲ. ಇದನ್ನು ವೈದ್ಯರು ಎಷ್ಟು ಸಲ ಹೇಳಿದರೂ ಅವಳ ತಾಯಿ ನಂಬಲಿಲ್ಲ. ಯಾವ ತಾಯಿ ತಾನೇ ತನ್ನ ಕೈಯಡಿಗೆಯನ್ನು ಮೊದಲು ಶಂಕಿಸುವುದಿಲ್ಲ? ದಿನಕ್ಕೆ ಎರಡು ಹೊತ್ತು ಸೂಜಿ. ಊಟದ ಅಳತೆ, ಊಟದ ಹೊತ್ತು ಎರಡೂ ತಪ್ಪುವಂತಿಲ್ಲ. ಹೆಚ್ಚಾದರೂ ಕಷ್ಟ, ಕಡಿಮೆಯಾದರೆ ಇನ್ನೂ ಕಷ್ಟ. ಬೆವೆತು ನಡುಗಲು ಶುರುವಾದರೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಅದಕ್ಕೆಂದೇ ತಾಯಿಯ ಕೈಚೀಲದಲ್ಲಿ ಸಕ್ಕರೆ ಪೊಟ್ಟಣ ಇರುತ್ತಿತ್ತು. ಆ ಮಗು ಈ ವಿಚಿತ್ರವನ್ನು ನಮಗಿಂತ ಮೊದಲೇ ಗಮನಿಸಿತ್ತು. ‘ಮಾವಶಿ, ನಡುಕ ಬಂದ್ರೆ ಸಕ್ಕರೆ ಔಷಧ. ಬರದಿದ್ರೆ ವಿಷ’ ಎಂದು ಒಮ್ಮೆ ನನಗೆ ಹೇಳಿದ್ದಳು. ಮಾವಶಿ ಎಂದರೆ ಚಿಕ್ಕಮ್ಮ, ನನ್ನನ್ನು ಹಾಗೆ ಕರೆಯುತ್ತಿದ್ದಳು.

ಸೆಪ್ಟೆಂಬರ್ ಬಂತು. ಆ ವರ್ಷ ಅವರ ಹೊಸ ವರ್ಷ 14ನೇ ತಾರೀಖು ಶನಿವಾರ, ನಮ್ಮ ಚೌತಿ 16ಕ್ಕೆ. ಹಲ್ವಾ ಏನು ಮಾಡುವುದು? ಸೊಸೆ ಈ ವರ್ಷ ಬೇಡವೇ ಬೇಡ ಎಂದಳು. ಅವರ ಧರ್ಮದಲ್ಲಿ ಒಂದು ದೊಡ್ಡ ಕಟ್ಟಳೆ ಇದೆ. ಪ್ರಾಣ ಉಳಿಸುವುದಕ್ಕೆ ಬೇಕಾದರೆ ಸಬ್ಬತ್ತಿನ ನಿಯಮವನ್ನೂ ಮುರಿಯಬೇಕು, ಮಹಾ ಉಪವಾಸದ ದಿನವೂ ಕಾಯಿಲೆಯವರಿಗೆ ಅಗತ್ಯವಿದ್ದರೆ ಉಣ್ಣಿಸಬೇಕು. ‘ಸಬ್ಬತ್ತನ್ನೇ ಮುರಿಯಬಹುದಾದರೆ ಹಲ್ವಾ ಯಾವ ಲೆಕ್ಕ?’ ಎಂಬುದು ಅವಳ ವಾದ. ಆಯಿಗೆ ಅದು ಒಪ್ಪಿಗೆಯೇ. ಆದರೆ ನೆಂಟರಿಷ್ಟರಿಗೆ ಕಳಿಸಬೇಕಿತ್ತು. ಆ ವರ್ಷ ಅವರ ತಂಗಿಯ ಮನೆಯಲ್ಲಿ ಸಾವಾಗಿ ಅವರು ಇವರ ಮನೆಯ ಹಲ್ವಾವನ್ನೇ ನೆಚ್ಚಿದ್ದರು. ಕಡೆಗೆ ಉಪಾಯ ಹೇಳಿದವಳು ನಾನೇ. ನನ್ನ ಮನೆಯಲ್ಲಿ ಮಾಡಿ, ಮಗು ಶಾಲೆಗೆ ಹೋದಾಗ. ‘ಈ ವರ್ಷ ಹಲ್ವಾ ಮಾಡಲಿಲ್ಲ’ ಎಂದು ಅವಳಿಗೆ ಹೇಳಿದರಾಯಿತು. ಒಬ್ಬಳಿಗೂ ನೋವಿಲ್ಲ, ಎಲ್ಲರಿಗೂ ಹಬ್ಬ.

ಆಯಿ ತಮ್ಮದೇ ಪಾತ್ರೆ, ತಮ್ಮದೇ ಮರದ ಸಟ್ಟುಗ ತಂದು ಗುರುವಾರ ನನ್ನ ಒಲೆಯ ಮುಂದೆ ನಿಂತರು. ಇಬ್ಬರೂ ಸರದಿಯಂತೆ ತಿರುವಿದೆವು. ಸಾಮಾನ್ಯವಾಗಿ ಹಲ್ವಾ ತಿರುವುವಾಗ ಹಾಡು ಹೇಳುವವರು ಆ ದಿನ ಮಾತೇ ಆಡಲಿಲ್ಲ. ಬಾದಾಮಿಯನ್ನು ನಾನು ಇಟ್ಟೆ, ಮೂರು ಗಂಟೆಗೆ ಶಾಲೆ ಬಿಡುವುದರೊಳಗೆ ಮುಗಿಸಬೇಕೆಂಬ ಅವಸರದಲ್ಲಿ. ಮರುದಿನ ಬೆಳಿಗ್ಗೆ ತುಂಡು ಮಾಡಿ ಕಳಿಸುವಲ್ಲಿಗೆಲ್ಲ ಕಳಿಸಿದೆವು. ಉಳಿದದ್ದು ನನ್ನ ಕಪಾಟಿನ ಸ್ಟೀಲ್ ಡಬ್ಬಿಯಲ್ಲಿ.

ಚೌತಿಯ ದಿನ ನಾನು ಕಡುಬು ಮಾಡುತ್ತಿದ್ದೆ. ಅಂದು ನನಗೊಂದು ಜಂಭವಿತ್ತು. ಚಿಮಣಿಗೆಂದೇ ನಾಲ್ಕು ಕಡುಬಿಗೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿದ್ದೆ, ಎಣ್ಣೆಯಲ್ಲಿ ಕರಿಯದೆ ಹಬೆಯಲ್ಲಿ ಬೇಯಿಸಿದ್ದೆ. ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದ್ದು ಎಂದು ನಮ್ಮ ಹಿರಿಯರು ಹೇಳುವುದಿಲ್ಲವೆ? ಆಡಲು ಬಂದ ಅವಳಿಗೆ ‘ಇದರಲ್ಲಿ ಸಕ್ಕರೆ ಇಲ್ಲ, ನೀನೂ ತಿನ್ನಬಹುದು’ ಎಂದು ತಟ್ಟೆಗೆ ಹಾಕಲು ಹೋದೆ. ಅಷ್ಟರಲ್ಲಿ ನನ್ನ ಮಗ ತನ್ನ ಪಾಲಿನ ಚೂಡಾ ಹುಡುಕುತ್ತ ಕಪಾಟು ತೆಗೆದು ಆ ಡಬ್ಬಿಯ ಮುಚ್ಚಳ ಬಿಚ್ಚಿದ. ನಸುಗೆಂಪು ಹಲ್ವಾ, ಶಂಕರಪೋಳಿ ಆಕಾರದ ತುಂಡು. ಅವಳು ಇಣುಕಿದಳು.

‘ಅದು ನಮ್ಮ ಗಣಪತಿ ಹಬ್ಬದ್ದು’ ಎಂದೆ. ನಾಲಿಗೆ ತಡವರಿಸಲಿಲ್ಲ ಕೂಡ.

ಅವಳು ಡಬ್ಬಿಯನ್ನು ಬಹಳ ಹೊತ್ತು ನೋಡಿದಳು. ಬೇಕೆಂದು ಕೇಳಲಿಲ್ಲ, ಅಳಲಿಲ್ಲ. ‘ಬಾದಾಮಿ ಯಾರು ಇಟ್ಟರು?’ ಎಂದಳು.

ನಾನು ಉತ್ತರ ಕೊಡುವ ಮೊದಲೇ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು. ಕಡುಬು ಹಾಗೆಯೇ ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು. ಮುಂದೆ ಅವರ ವೈದ್ಯರಿಗೆ ನಾನು ನನ್ನ ಬೆಲ್ಲದ ಉಪಾಯ ಹೇಳಿದಾಗ ಅವರು ನಕ್ಕರು. ಬೆಲ್ಲ, ಜೇನು, ಖರ್ಜೂರ, ಯಾವುದಾದರೇನು, ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಇವು ಸಕ್ಕರೆಗಿಂತ ಸಾಧುವೇನಲ್ಲ. ಕಡುಬಿನ ಹೊರಗಿನ ಅಕ್ಕಿಹಿಟ್ಟು ಕೂಡ ಹೊಟ್ಟೆಗಿಳಿದ ಮೇಲೆ ಸಕ್ಕರೆಯೇ. ‘ಸಕ್ಕರೆ ಇಲ್ಲ’ ಎಂದು ನಾನು ಹೇಳಿದ್ದು ಅಕ್ಷರಕ್ಕೆ ನಿಜ, ಅರ್ಥಕ್ಕೆ ಸುಳ್ಳು. ಇಂದಿಗೂ ಅಂಗಡಿಯಲ್ಲಿ ‘ಸಕ್ಕರೆ ಸೇರಿಸಿಲ್ಲ’ ಎಂಬ ಪೊಟ್ಟಣ ಕಂಡರೆ ನನಗೆ ಆ ನಾಲ್ಕು ಕಡುಬು ನೆನಪಾಗುತ್ತವೆ. ಧರ್ಮರಾಯನ ಅಶ್ವತ್ಥಾಮನೂ ಇದೇ ಜಾತಿಯವನಲ್ಲವೆ? ಅಲ್ಲಿ ರಥ ನೆಲಕ್ಕಿಳಿಯಿತಂತೆ. ನನ್ನ ಮನೆಯಲ್ಲಿ ಒಂದು ಮಗು ಒಂದು ವಾರ ಬರಲಿಲ್ಲ.

ರಾತ್ರಿ ನಮ್ಮವರ ಮುಂದೆ ಹೇಳಿಕೊಂಡೆ. ‘ಅಕಿಗೆ ಹಲ್ವಾ ಕೊಡಲಿಲ್ಲಂತ ಸಿಟ್ಟಲ್ಲ’ ಎಂದರು. ‘ಅಕಿನ್ನ ಬಿಟ್ಟು ಮಾಡಿದಿರಲ್ಲ, ಅದಕ್ಕ.’ ಗಂಡಸರು ಅಡಿಗೆಮನೆಯ ವಿಷಯದಲ್ಲಿ ಸರಿಯಾಗಿ ಹೇಳುವುದು ಅಪರೂಪ, ಅಂದು ಹೇಳಿದರು.

ಅದನ್ನೇ ಯೋಚಿಸುತ್ತ ಮಲಗಿದೆ. ನಾವು ಇಡೀ ಹೊತ್ತು ಹಲ್ವಾ ಎಂದರೆ ನಾಲಿಗೆಯ ಮೇಲೆ ಇಡುವ ವಸ್ತು ಎಂದುಕೊಂಡು ಲೆಕ್ಕ ಹಾಕಿದ್ದೆವು. ಮಗುವಿಗೆ ಅದು ಹಾಗಿರಲಿಲ್ಲ. ಬಿಸಿ ಪರಾತದ ಪಕ್ಕ ಸ್ಟೂಲು ಹಾಕಿ ಕೂರುವುದು, ಆಜಿ ಸೀಳಿಕೊಟ್ಟ ಬಾದಾಮಿಯ ಬಟ್ಟಲು, ‘ಹುಷಾರು, ಸುಡುತ್ತದೆ’ ಎಂಬ ಮಾತು, ಬಂದವರೆಲ್ಲ ‘ಇದು ನಮ್ಮ ಚಿಮಣಿ ಇಟ್ಟದ್ದು’ ಎನ್ನುವುದು, ಇಷ್ಟೂ ಸೇರಿ ಹಲ್ವಾ. ಅದರಲ್ಲಿ ಸಕ್ಕರೆ ಕಾಯಿಲೆಗೆ ವರ್ಜ್ಯವಾದದ್ದು ಒಂದು ಪಾಲು ಮಾತ್ರ. ಆ ಒಂದು ಪಾಲನ್ನು ತಪ್ಪಿಸಲು ಹೋಗಿ ಉಳಿದದ್ದನ್ನೂ ಕಿತ್ತುಕೊಂಡಿದ್ದೆವು. ವರ್ಷವೆಲ್ಲ ಸಿಹಿಯಾಗಿರಲೆಂದು ಎಲ್ಲರೂ ತಿನ್ನುವ ದಿನ, ನಿನಗೆ ಮಾತ್ರ ಅದಿಲ್ಲ ಎಂದು ಹೇಳಿದಂತಾಗಿತ್ತು. ಹೇಳಿದ್ದರೂ ಚೆನ್ನಾಗಿತ್ತು. ಹೇಳದೆ ಮಾಡಿದ್ದೆವು.

ನಾನು ಆಯಿಯ ಮುಂದೆ ನಡೆದದ್ದನ್ನು ಹೇಳಿದೆ. ಅವರ ಮುಖ ಸಣ್ಣದಾಯಿತು. ಅವರಲ್ಲಿ ಹೊಸ ವರ್ಷದಿಂದ ಹತ್ತನೆಯ ದಿನಕ್ಕೆ ಯೋಮ್ ಕಿಪ್ಪೂರ್, ಪ್ರಾಯಶ್ಚಿತ್ತದ ಉಪವಾಸ. ಹಿಂದೆ ಕೊಂಕಣದಲ್ಲಿ ಇದನ್ನು ಬಾಗಿಲು ಹಾಕುವ ಹಬ್ಬ ಎನ್ನುತ್ತಿದ್ದರಂತೆ. ಬಿಳಿ ಬಟ್ಟೆ ಉಟ್ಟು ಬಾಗಿಲು ಹಾಕಿಕೊಂಡು ಇಡೀ ದಿನ ಒಳಗಿರುವುದು. ದೇವರಿಗೆ ಮಾಡಿದ ತಪ್ಪನ್ನು ಆ ದಿನ ದೇವರು ಮನ್ನಿಸುತ್ತಾನೆ. ಆದರೆ ಮನುಷ್ಯರಿಗೆ ಮಾಡಿದ ತಪ್ಪನ್ನು ಆ ಮನುಷ್ಯರೇ ಮನ್ನಿಸದೆ ದೇವರು ಮನ್ನಿಸುವಂತಿಲ್ಲ ಎಂದು ಅವರ ಶಾಸ್ತ್ರ. ಆದ್ದರಿಂದ ಆ ಹತ್ತು ದಿನಗಳಲ್ಲಿ ಜನ ಒಬ್ಬರ ಮನೆಗೊಬ್ಬರು ಹೋಗಿ ಕ್ಷಮೆ ಕೇಳುತ್ತಾರೆ. ಹತ್ತಿರದವರಲ್ಲಿ ಕೇಳುವುದು ಬಹುಮಟ್ಟಿಗೆ ರೂಢಿಯ ಮಾತು, ನಾವು ಸಂಕ್ರಾಂತಿಗೆ ಒಳ್ಳೆ ಮಾತಾಡಿ ಎನ್ನುವ ಹಾಗೆ. ಮಕ್ಕಳ ಹತ್ತಿರ ಯಾರೂ ಕೇಳುವುದಿಲ್ಲ.

ಆಯಿಯ ಯಜಮಾನರು ಓದಿಕೊಂಡವರು. ಅವರ ಪ್ರಕಾರ ಈ ಚರ್ಚೆ ಅವರಲ್ಲಿ ಎರಡು ಸಾವಿರ ವರ್ಷ ಹಳೆಯದು. ಮದುಮಗಳು ಹೇಗಿದ್ದರೂ ಚೆಲುವೆ ಎಂದೇ ಹೊಗಳಬೇಕು ಎಂದಿತು ಹಿಲ್ಲೆಲ್‌ನ ಗುರುಕುಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದಿತು ಶಮ್ಮಾಯ್‌ನ ಗುರುಕುಲ. ಗೆದ್ದದ್ದು ಹಿಲ್ಲೆಲ್. ಅಂದರೆ ಮನಸ್ಸು ನೋಯದಿರಲೆಂದು ಹೇಳುವ ಮಾತಿಗೆ ಅಲ್ಲಿ ಜಾಗವಿದೆ. ‘ಹಾಗಾದರೆ ನಮ್ಮದು ತಪ್ಪಲ್ಲವಲ್ಲ?’ ಎಂದೆ, ಆಸೆಯಿಂದ. ಅವರು ಕನ್ನಡಕ ತೆಗೆದು ಒರೆಸಿದರು. ‘ಮಕ್ಕಳ ವಿಷಯ ಬೇರೆ ಇದೆ’ ಎಂದರು. ಮಗುವಿಗೆ ಏನಾದರೂ ಕೊಡುತ್ತೇನೆಂದು ಹೇಳಿ ಕೊಡದೆ ಇರಬಾರದು, ಅದರಿಂದ ಮಗು ಸುಳ್ಳು ಹೇಳುವುದನ್ನು ಕಲಿಯುತ್ತದೆ ಎಂದು ತಾಲ್ಮೂದಿನಲ್ಲಿದೆಯಂತೆ.

ಆಗ ನನಗೆ ನಮ್ಮ ಪುಣ್ಯಕೋಟಿ ನೆನಪಾದಳು. ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡಳೆಂದು ಶಾಲೆಯಲ್ಲಿ ನಮಗೆಲ್ಲ ಬಾಯಿಪಾಠ ಮಾಡಿಸಿದ್ದಾರೆ. ಆದರೆ ಅವಳು ಕರುವಿಗೆ ನಿಜ ಹೇಳಿದಳೆಂಬುದನ್ನು ನಾವು ಯಾರೂ ಎತ್ತಿ ಆಡುವುದಿಲ್ಲ. ಹಾಲು ಕುಡಿಸಿ, ‘ಮೇಯಲು ಹೋಗಿ ಬರುತ್ತೇನೆ’ ಎಂದು ತಪ್ಪಿಸಿಕೊಂಡು ಹೋಗಬಹುದಿತ್ತು. ನಾನಾಗಿದ್ದರೆ ಹಾಗೇ ಹೋಗುತ್ತಿದ್ದೆ. ಅವಳು ಹೋಗುವುದು ಎಲ್ಲಿಗೆಂದು ಕರುವಿಗೆ ಹೇಳಿಯೇ ಹೋದಳು. ಹುಲಿಗೆ ನಿಜವಾಗಿ ನಡೆಯುವುದು ದೊಡ್ಡದೋ, ಎದೆಹಾಲು ಕುಡಿಯುವ ಕೂಸಿಗೆ ನಿಜ ಹೇಳುವುದು ದೊಡ್ಡದೋ, ನನಗೆ ಈಗಲೂ ತೀರ್ಮಾನವಾಗಿಲ್ಲ.

ಭಾನುವಾರ 22ನೇ ತಾರೀಖು, ಸಂಜೆ ಉಪವಾಸ ಹಿಡಿಯುವ ಮೊದಲು ಆಯಿ ನನ್ನನ್ನು ಕರೆಸಿದರು. ಚಿಮಣಿ ಕಿಟಕಿಯ ಬಳಿ ಬಣ್ಣದ ಪುಸ್ತಕ ಹಿಡಿದು ಕೂತಿದ್ದಳು. ಅರವತ್ತೈದರ ಹೆಂಗಸು ಮೊಣಕಾಲು ನೋವಿನಲ್ಲೂ ನೆಲಕ್ಕೆ ಕೂತರು. ನಾನೂ ಕೂತೆ. ‘ಬಾಳ, ಹಲ್ವಾ ಮಾಡಿದ್ದೆವು. ಮಾಡಲಿಲ್ಲ ಎಂದು ನಿನಗೆ ಸುಳ್ಳು ಹೇಳಿದೆವು. ತಪ್ಪಾಯಿತು. ಕ್ಷಮಿಸುತ್ತೀಯಾ?’ ಎಂದರು. ನನಗೆ ಅಷ್ಟು ಸರಾಗವಾಗಿ ಬರಲಿಲ್ಲ. ದೊಡ್ಡವರು ಮಕ್ಕಳ ಕ್ಷಮೆ ಕೇಳಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿದವಳಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗಿ ಬರೀ ‘ನಂದೂ ತಪ್ಪು’ ಎಂದೆ.

ಅವಳು ಕ್ಷಮಿಸಿದೆ ಎನ್ನಲಿಲ್ಲ. ‘ಎಷ್ಟು ತುಂಡು ತಿಂದಿರಿ?’ ಎಂದಳು.

‘ಎರಡು’ ಎಂದರು ಆಯಿ.

‘ಮಾವಶಿ?’

ಒಂದು ಎನ್ನಬೇಕೆಂದು ಬಾಯಿತನಕ ಬಂತು. ‘ನಾಲ್ಕು’ ಎಂದೆ.

‘ಅಬ್ಬಾ!’ ಎಂದು ಅವಳು ನಕ್ಕಳು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟಕ್ಕೆ ಮುಗಿಯಿತು. ಆ ಮಗುವಿನ ತಾಯಿ ಮಾತ್ರ ಬಾಗಿಲಲ್ಲಿ ನಿಂತು, ‘ಸುಳ್ಳು ಹೇಳಿದವಳು ನಾನು, ಕ್ಷಮೆ ಕೇಳುವವರು ನೀವು’ ಎಂದು ಒಳಗೆ ಹೋದಳು. ಅವಳಿಗೆ ಅದು ಹಿಡಿಸಲಿಲ್ಲ. ಅವಳದ್ದು ತಪ್ಪೆಂದು ನಾನು ಹೇಳಲಾರೆ. ರಾತ್ರಿ ಎರಡು ಗಂಟೆಗೆ ಎದ್ದು ಮಗುವಿನ ಮೈ ಬೆವೆತಿದೆಯೋ ಎಂದು ಮುಟ್ಟಿ ನೋಡುತ್ತಿದ್ದವಳು ಅವಳು, ನಾವಲ್ಲ.

ಜನವರಿಯಲ್ಲಿ ಮರಗಳ ಹೊಸ ವರ್ಷ ಎಂಬ ಹಬ್ಬ ಬರುತ್ತದೆ, ತು ಬಿಶ್ವಾತ್. ಕೊಂಕಣದ ಖಂಡಾಳ ಎಂಬ ಹಳ್ಳಿಯಲ್ಲಿ ಒಂದು ಬಂಡೆ ಇದೆ. ಪ್ರವಾದಿ ಎಲಿಯಾಹು ಅಲ್ಲಿ ಇಳಿದಿದ್ದ, ಅವನ ರಥದ ಗುರುತು ಅದರ ಮೇಲಿದೆ ಎಂದು ಬೆನೆ ಇಸ್ರೇಲಿಗಳು ನಂಬುತ್ತಾರೆ. ಆ ಹಬ್ಬಕ್ಕೆ ಅವನ ಹೆಸರಿನಲ್ಲಿ ಮಲಿದಾ. ಆಯಿ ಈ ಸಲ ಮುಂಚೆಯೇ ಚಿಮಣಿಯನ್ನು ಕರೆದುಕೊಂಡು ವೈದ್ಯರ ಬಳಿ ಹೋದರು, ಸಾಮಾನುಗಳ ಪಟ್ಟಿ ಹಿಡಿದು. ಅವಲಕ್ಕಿ, ತೆಂಗು, ಬೆಲ್ಲ, ಹಣ್ಣು. ವೈದ್ಯರು ಬೇಡ ಎನ್ನಲಿಲ್ಲ. ಬೆಲ್ಲವನ್ನಷ್ಟೇ ಅಲ್ಲ, ಅವಲಕ್ಕಿಯನ್ನೂ ಬಾಳೆಹಣ್ಣನ್ನೂ ಲೆಕ್ಕಕ್ಕೆ ಹಿಡಿಯಬೇಕು, ಇದನ್ನು ತಿಂದಷ್ಟು ರಾತ್ರಿಯ ಅನ್ನ ಕಡಿಮೆ ಮಾಡಬೇಕು ಎಂದರಂತೆ. ಇಂದಾದರೆ ತಿಂದ ಪಿಷ್ಟದ ಗ್ರಾಂ ಎಣಿಸಿ ಅದಕ್ಕೆ ಸರಿಯಾಗಿ ಇನ್ಸುಲಿನ್ ಕೊಡುವುದು ಸಾಮಾನ್ಯ. ಆಗ ನಮಗೆ ಅದು ದೊಡ್ಡ ಅನುಮತಿಯಾಗಿ ಕಂಡಿತು.

ಆ ಮಲಿದಾ ಮಾಡಿದವರು ಮಕ್ಕಳೇ. ಬೆಂಕಿಯ ಹಂಗಿಲ್ಲದ ಅಡಿಗೆ, ನೋಡಿ. ಒಲೆ ಇಲ್ಲ, ಎಣ್ಣೆ ಇಲ್ಲ. ನನ್ನ ಮಗ ಅವಲಕ್ಕಿ ತೊಳೆದ. ಚಿಮಣಿಯ ಮೂರು ವರ್ಷದ ತಮ್ಮ ಗುಲಾಬಿ ಎಸಳು ಬಿಡಿಸಿದ, ಅರ್ಧ ತಿಂದ. ಇಡೀ ಬಾದಾಮಿ ಅವನ ಕೈಗೆ ಸಿಗದಂತೆ ಆಯಿ ಕಾದರು. ಅಷ್ಟು ಚಿಕ್ಕ ಮಕ್ಕಳ ಗಂಟಲಿಗೆ ಅದು ಸಿಕ್ಕೀತು, ಪುಡಿ ಮಾಡಿಯೇ ಕೊಡಬೇಕು. ಬೆಲ್ಲ ಅಳೆಯುವುದು ಚಿಮಣಿಯ ಕೆಲಸ. ಆಯಿಯ ಹಳೆಯ ಲೆಕ್ಕ ಅರ್ಧ ಕಿಲೋ ಅವಲಕ್ಕಿಗೆ ಕಾಲು ಕಿಲೋ. ಅದರಲ್ಲಿ ಎಷ್ಟು ತೆಗೆಯಬೇಕೆಂದು ಅವಳನ್ನೇ ಕೇಳಿದರು. ಅವಳು ತುರಿದ ಬೆಲ್ಲವನ್ನು ತಕ್ಕಡಿಯಿಂದ ಸ್ವಲ್ಪ ಸ್ವಲ್ಪವೇ ತೆಗೆಯುತ್ತ, ಒಮ್ಮೆ ಹಿಂದಕ್ಕೆ ಹಾಕುತ್ತ, ಕೊನೆಗೆ ನೂರು ಗ್ರಾಮಿಗೆ ನಿಲ್ಲಿಸಿದಳು. ಕಾಯಿತುರಿ ಹೆಚ್ಚಿಸಿದೆವು, ಸೀಬೆ, ಸೇಬು, ದಾಳಿಂಬೆ ಹೆಚ್ಚಿಸಿದೆವು. ಎಲ್ಲರಿಗೂ ಅದೇ ಮಲಿದಾ. ಅವಳಿಗೊಂದು, ನಮಗೊಂದು ಎಂಬ ಭೇದವಿಲ್ಲ. ಅವಳ ಪಾಲು ಒಂದು ಸಣ್ಣ ಬಟ್ಟಲು, ಅದನ್ನೂ ಅವಳೇ ಅಳೆದುಕೊಂಡಳು. ಬಟ್ಟಲನ್ನು ಒತ್ತಿ ತುಂಬಿದಳೆಂಬುದನ್ನು ಕಂಡೂ ಯಾರೂ ಏನೂ ಅನ್ನಲಿಲ್ಲ.

ಹಣ್ಣುಗಳ ಮೇಲೆ ಅವರು ಹೇಳುವ ಸ್ತುತಿ ಎರಡು ಬಗೆ. ಮರದ ಫಲಕ್ಕೆ ಒಂದು, ನೆಲದ ಫಲಕ್ಕೆ ಇನ್ನೊಂದು. ಬಾಳೆಹಣ್ಣಿಗೆ ನೆಲದ ಸ್ತುತಿ. ನನ್ನ ಮಗ ಒಪ್ಪಲಿಲ್ಲ, ‘ಅಷ್ಟೆತ್ತರ ಇರುತ್ತೆ, ಮರವೇ’ ಎಂದ. ವರ್ಷವೂ ಉಳಿಯುವ ಕಾಂಡವಿಲ್ಲ, ಗೊನೆ ಬಿಟ್ಟ ಮೇಲೆ ಬಿದ್ದುಹೋಗುತ್ತದೆ, ಅದಕ್ಕೆ ಅದು ಮರವಲ್ಲ ಎಂದರು ಅಜ್ಜ. ನಾನು ಬೆರಗಾದೆ. ನಮ್ಮ ಕಡೆಯೂ ಬಾಳೆಗಿಡ ಎನ್ನುತ್ತೇವೆಯೇ ಹೊರತು ಮರವೆನ್ನುವುದು ಕಡಿಮೆ. ಮಾವಿನಗಿಡ ಎಂದೂ ಅನ್ನುತ್ತೇವೆ, ಅದು ಧಾರವಾಡದವರ ಧಾರಾಳ, ಬಿಡಿ.

ಮಕ್ಕಳ ಕೈಯಲ್ಲಿ ತಿಂಡಿ ಮಾಡಿಸುವುದು ಅವರಿಗೆ ಹೊತ್ತು ಹೋಗಲಿಕ್ಕೆ ಎಂದು ನಾನು ಅದುವರೆಗೆ ತಿಳಿದಿದ್ದೆ. ಅಂದು ಕಂಡದ್ದು ಬೇರೆ. ಮಾಡಿದವರಿಗೆ ಅದರೊಳಗೆ ಏನಿದೆಯೆಂದು ಗೊತ್ತಿರುತ್ತದೆ, ಅಲ್ಲಿ ಯಾರೂ ಏನನ್ನೂ ಬಚ್ಚಿಡಲಾಗದು. ನನ್ನ ಮಗನಿಗೆ ಗಿಳಿ ಚಪಾತಿಯ ಗುಟ್ಟನ್ನೂ ಆ ವಾರವೇ ಹೇಳಿದೆ. ‘ನನಗೆ ಮೊದಲೇ ಗೊತ್ತಿತ್ತು’ ಎಂದ. ಗೊತ್ತಿತ್ತೋ ಇಲ್ಲವೋ. ಆಮೇಲೆ ಆರು ತಿಂಗಳು ಪಾಲಕ್ ಮುಟ್ಟಲಿಲ್ಲ. ನಿಜ ಹೇಳಿದ್ದಕ್ಕೆ ಅಷ್ಟು ಬೆಲೆ ತೆತ್ತೆ.

ಇಷ್ಟೆಲ್ಲ ಬರೆದವಳು ಮುಂದೆ ಸುಳ್ಳನ್ನೇ ಬಿಟ್ಟಳೆಂದು ಓದುವವರು ತಿಳಿಯಬಾರದು. 2001ರಿಂದ ನಮ್ಮ ಅತ್ತೆಯವರು ನಮ್ಮ ಜೊತೆಯಲ್ಲೇ ಇದ್ದರು. ಅವರಿಗೂ ಸಕ್ಕರೆ ಕಾಯಿಲೆ, ಮುಪ್ಪಿನದು. ಹೋಳಿಗೆ ಎಂದರೆ ಪ್ರಾಣ. ನಾನು ಡಬ್ಬಿಯನ್ನು ಅಕ್ಕಿಯ ಮೂಟೆಯ ಹಿಂದೆ ಇಟ್ಟು ‘ಮುಗೀತು ಅತ್ತೀ’ ಎನ್ನುತ್ತಿದ್ದೆ. ಒಂದು ಸಲವಲ್ಲ, ನಾಲ್ಕು ವರ್ಷ. ಆರು ವರ್ಷದ ಕೂಸಿಗೆ ಕೊಟ್ಟ ಮರ್ಯಾದೆಯನ್ನು ಎಪ್ಪತ್ತೆಂಟರ ಹಿರಿಯರಿಗೆ ಕೊಡಲಿಲ್ಲ. ಅವರ ಜೊತೆ ಕೂತು, ‘ಇಷ್ಟು ಹೋಳಿಗೆ ಇದೆ, ನೀವು ಎಷ್ಟು ತಿನ್ನಬೇಕು ನೀವೇ ಹೇಳಿ’ ಎನ್ನಲು ನನಗೆ ಪುರಸೊತ್ತಿರಲಿಲ್ಲವೋ ಧೈರ್ಯವಿರಲಿಲ್ಲವೋ. ಹಟ ಮಾಡಿ ಪೂರಾ ತಿಂದುಬಿಟ್ಟರೆ ಎಂಬ ಭಯವಂತೂ ಇತ್ತು, ಆ ಭಯ ಸುಳ್ಳಲ್ಲ. 2005ರಲ್ಲಿ ಅವರು ಹೋದ ಮೇಲೆ ಅವರ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಕಾಗದದಲ್ಲಿ ಸುತ್ತಿಟ್ಟ ಒಣಗಿ ಗಟ್ಟಿಯಾದ ಅರ್ಧ ಹೋಳಿಗೆ ಸಿಕ್ಕಿತು. ನಾನು ಅವರಿಂದ ಬಚ್ಚಿಟ್ಟೆ, ಅವರು ನನ್ನಿಂದ ಬಚ್ಚಿಟ್ಟರು. ಯಾರ ಬಾಗಿಲಿಗೆ ಹೋಗಿ ಕೂತು ತಪ್ಪಾಯಿತು ಎನ್ನಲಿ?

ಆಯಿಯೂ ಈಗಿಲ್ಲ. ಚಿಮಣಿಯ ಮನೆಯವರು ಇಸ್ರೇಲಿಗೆ ಹೋಗಿ ನೆಲೆಸಿದ್ದಾರೆ, ಬೆನೆ ಇಸ್ರೇಲಿಗಳಲ್ಲಿ ಬಹುಪಾಲು ಜನ ಈಗ ಅಲ್ಲಿಯೇ ಇರುವುದು. ನಾವು ಧಾರವಾಡಕ್ಕೆ ಮರಳಿದ್ದೇವೆ. ಹೋದ ಚಳಿಗಾಲದಲ್ಲಿ ಅವಳ ಫೋನ್ ಬಂತು. ಎರಡು ಮಕ್ಕಳ ತಾಯಿ. ತೋಳಿಗೆ ಅಂಟಿಸಿಕೊಂಡ ಒಂದು ಬಿಲ್ಲೆ ಹಗಲು ರಾತ್ರಿ ಸಕ್ಕರೆಯ ಪ್ರಮಾಣ ತಿಳಿಸುತ್ತದಂತೆ, ಅವಳ ಅಮ್ಮ ಎರಡು ಗಂಟೆಗೆ ಏಳುವ ಕಾಲ ಹೋಯಿತು. ‘ಮಾವಶಿ, ನಾಳೆ ತು ಬಿಶ್ವಾತ್. ನಾನು ಅವತ್ತು ಬೆಲ್ಲ ಎಷ್ಟಕ್ಕೆ ನಿಲ್ಲಿಸಿದ್ದೆ?’ ಎಂದು ಕೇಳಿದಳು. ‘ನೂರು ಗ್ರಾಂ. ಬಟ್ಟಲು ಒತ್ತಿ ತುಂಬಿದ್ದೆ’ ಎಂದೆ.

‘ಅದು ನಿಮಗೆ ಗೊತ್ತಾಗಿತ್ತಾ!’

ಹಿಂದೆ ಎಲ್ಲೋ ಎರಡು ಮಕ್ಕಳು ಜಗಳವಾಡುತ್ತಿದ್ದವು. ಭಾಷ�ೆ ನನಗೆ ತಿಳಿಯದು. ಏನಂತೆ ಎಂದೆ. ‘ಬಾಳೆಹಣ್ಣು ಮರದ್ದೋ ನೆಲದ್ದೋ ಅಂತ’ ಎಂದಳು. ಅಷ್ಟರಲ್ಲಿ ಅವಲಕ್ಕಿ ನೆನೆಹಾಕಿದ್ದು ಹೆಚ್ಚಾಯಿತೆಂದು ಕೂಗಿಕೊಂಡು ಫೋನನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು ಓಡಿದಳು. ನಾನು ಸ್ವಲ್ಪ ಹೊತ್ತು ಕೇಳುತ್ತ ಕೂತಿದ್ದೆ.